ಎರಡು ತಟ್ಟೆ ಚಪಾತಿ

೨೦೦೪ರ ಏಪ್ರಿಲ್‌ನಲ್ಲಿ ಆಶ್ರಿತಾ ವಡೋದರದಿಂದ ರೈಲು ಹತ್ತಿ ಮಣಿನಗರದಲ್ಲಿ ಇಳಿದಾಗ ಅವಳ ಚೀಲದಲ್ಲಿ ಎರಡು ಪೊಟ್ಟಣ ಗೋಧಿಹಿಟ್ಟಿತ್ತು. ಅವಳು ಬೀಜದ ಕಂಪನಿಯೊಂದರಲ್ಲಿ ಗೋಧಿಯ ಹೊಸ ತಳಿಗಳನ್ನು ಬೆಳೆಸುವ ಕೆಲಸದಲ್ಲಿದ್ದಳು. ಒಂದು ಪೊಟ್ಟಣ ರೈತರು ಎಂದಿನಿಂದಲೂ ಬಿತ್ತುವ ಗೋಧಿಯದು. ಇನ್ನೊಂದು ಹೊಸ ತಳಿಯದು. ಅದರ ಬೇರು ಆಳಕ್ಕಿಳಿದು, ಹೊಲಕ್ಕೆ ಹಾಕಿದ ಯೂರಿಯಾ ಬಾವಿ ಸೇರುವ ಮೊದಲೇ ಹೀರಿಕೊಳ್ಳುತ್ತಿತ್ತು. ಪ್ರಯೋಗದ ಹೊಲವಿದ್ದ ಊರಿನಲ್ಲಿ, ಯೂರಿಯಾ ಇಳಿದ ಬಾವಿ ನೀರನ್ನು ಕೂಸುಗಳಿಗೆ ಕುಡಿಸಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದರೂ ಈ ತಳಿಯನ್ನು ಕೈಬಿಡುವ ಮಾತು ನಡೆದಿತ್ತು. ಅದರ ಚಪಾತಿ ಗಟ್ಟಿ ಎಂದು ಎಲ್ಲರೂ ಹೇಳುತ್ತಿದ್ದರು. ಹೊಲದಲ್ಲಿ ತಿಂದು ನೋಡಿದಾಗ ಆಶ್ರಿತಾಳಿಗೂ ಹಾಗೇ ಅನ್ನಿಸಿತ್ತು.

ಮಣಿನಗರದಲ್ಲಿ ಓದುವ ಕಾಲದಲ್ಲಿ ಅವಳು ಊಟ ಮಾಡುತ್ತಿದ್ದುದು ಸಾವಿತ್ರಕ್ಕನ ಉಡುಪಿ ಹೋಟೆಲಿನಲ್ಲಿ. ಈಗ ಅಲ್ಲಿಗೇ ಹೋಗಿ, ಎರಡೂ ಹಿಟ್ಟಿನ ಚಪಾತಿ ಮಾಡಿ ಬೇರೆ ಬೇರೆ ತಟ್ಟೆಯಲ್ಲಿ ಕೊಡಿ ಎಂದು ಕೇಳಿಕೊಂಡಳು.

ಮಧ್ಯಾಹ್ನದ ಗಲಾಟೆಯ ನಡುವೆಯೇ ಎರಡು ತಟ್ಟೆ ಬಂದವು. ಗಲ್ಲಾದಲ್ಲಿದ್ದ ಸಾವಿತ್ರಕ್ಕನ ಗಂಡ ಪದ್ಮನಾಭ ಎಡಗಡೆಯದನ್ನು ಮುರಿದು, "ಇದು ಮೆತ್ತಗುಂಟು" ಎಂದರು. ದಿನವೂ ಬರುವ ಜಯಂತಿಭಾಯಿ ಬಲಗಡೆಯದನ್ನು ಚಪ್ಪರಿಸಿ, "ಆ ಸಾರಿ ಛೇ, ಬೆಹೆನ್", ಇದು ಚೆನ್ನಾಗಿದೆ ಎಂದು ಗುಜರಾತಿಯಲ್ಲಿ ಹೇಳಿ ಮತ್ತೊಂದು ಕೇಳಿದರು. ಆಶ್ರಿತಾ ಎರಡನ್ನೂ ಜಗಿದಳು. ಬಲಗಡೆಯದು ಗಟ್ಟಿ, ಸಂಶಯವೇ ಇಲ್ಲ.

"ಸಾವಿತ್ರಕ್ಕ, ಬಲಗಡೆಯದು ಯಾವ ಹಿಟ್ಟು?"

"ಯಾವುದು ಎಂಥದು? ಎರಡೂ ಗೋಧಿಯೇ ಅಲ್ವಾ ಮಾರಾಯ್ತಿ. ಪಾತ್ರೆ ಖಾಲಿ ಇರ್ಲಿಲ್ಲ, ಒಟ್ಟಿಗೇ ಕಲಸಿದೆ. ಎರಡು ತಟ್ಟೆ ಕೇಳಿದಿ, ಕೊಟ್ಟೆ."

ಆಶ್ರಿತಾಳ ಬಾಯಲ್ಲಿ ತುತ್ತು ಹಾಗೇ ನಿಂತಿತು. ಪದ್ಮನಾಭ ಮಾತ್ರ ಬಗ್ಗಲಿಲ್ಲ. "ಆದ್ರೂ ಇದೇ ಮೆತ್ತಗೆ" ಎಂದರು.

ವಡೋದರದ ಮನೆಗೆ ಬಂದವಳು ಪೊಟ್ಟಣಗಳಲ್ಲಿ ಉಳಿದಿದ್ದ ಹಿಟ್ಟುಗಳನ್ನು ತಾನೇ ಬೇರೆ ಬೇರೆ ಕಲಸಿ, ಬೇಯಿಸಿ, ಕಣ್ಣು ಮುಚ್ಚಿ ತಿಂದಳು. ಒಂದು ತುತ್ತಿಗೆ ಇದು ಗಟ್ಟಿ, ಮರು ತುತ್ತಿಗೆ ಅದು. ಹೊಲದಲ್ಲಿ ತಿಂದಾಗ ನಿಜಕ್ಕೂ ಗಟ್ಟಿಯಿತ್ತೇ, ಎಲ್ಲರೂ ಅಂದರೆಂದು ತಾನೂ ಅಂದೆನೇ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಸೋಮವಾರ ಮೇಲಧಿಕಾರಿ ಬಾಲಚಂದ್ರ ಕೇಳಿದರು, "ಏನಮ್ಮ, ಹೊಸದನ್ನ ಬಿಟ್ಟುಬಿಡೋಣ್ವಾ?"

"ಗೊತ್ತಾಗ್ತಿಲ್ಲ ಸರ್. ಗಟ್ಟಿ ಅಂತ ಮೊದಲು ಯಾಕಂದೆ ಅನ್ನೋದೂ ಗೊತ್ತಾಗ್ತಿಲ್ಲ."

ಅವಳು ನಡೆದದ್ದನ್ನೆಲ್ಲ ಹೇಳಿದಳು. ಬಾಲಚಂದ್ರ ತಲೆ ಕೆರೆದುಕೊಂಡರು. "ನಾನೂ ಗಟ್ಟಿ ಅಂದಿದ್ದೆನಲ್ಲ! ಸರಿ, ಇನ್ನೊಂದು ಸಲ ಬಿತ್ತೋಣ."

ನವೆಂಬರಿನಲ್ಲಿ ಬಿತ್ತನೆಯ ದಿನ, ಎರಡರಲ್ಲಿ ಯಾವುದು ಒಳ್ಳೆಯದು ಎಂದು ಪ್ರಯೋಗದ ಹೊಲದ ಒಡತಿ ಕೇಳಿದಳು. ಆಶ್ರಿತಾ ಹೊಸ ಬೀಜದ ಚೀಲ ಮುಟ್ಟಿ, ನಿಮ್ಮ ಬಾವಿಗೆ ಇದು ಎಂದಳು. ಚಪಾತಿಯ ಸುದ್ದಿ ಎತ್ತಲಿಲ್ಲ.