ತೊಟ್ಟಿಯ ಪಾಚಿ, ಹಿತ್ತಲ ದಂಟು

ಅಪ್ಪನನ್ನು ಕೊಂದದ್ದು ನಿಕ್ಕಲ್ಲೇ ಇರಬಹುದು, ಇಲ್ಲದೆಯೂ ಇರಬಹುದು. ಕಿಡ್ನಿ ಹೋಗಿದೆ ಎಂದರೇ ಹೊರತು ಯಾಕೆ ಹೋಯಿತೆಂದು ಡಾಕ್ಟರು ಹೇಳಿರಲಿಲ್ಲ. ಅಪ್ಪನ ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದ ಗುರುವಿನ ಕೈ ನಿಂತೇಹೋಯಿತು.

"ಬಿಗಿಯಾಗಿ ಎಳೀಲಾ," ಎಂದ ಚಿಕ್ಕಪ್ಪ ಚಿಕ್ಕಸ್ವಾಮಿ. "ಅಣ್ಣ ಅಗುರಾಗವ್ನೆ ಅಂತ ಸಡಿಲ ಬಿಡ್ತೀಯಾ?"

ತಾಂಡ್ಯದಲ್ಲಿ ನಿಕ್ಕಲ್ ಲೇಪನ ಮಾಡುವ ಪ್ಲೇಟಿಂಗ್ ಫ್ಯಾಕ್ಟರಿಯ ಮ್ಯಾನೇಜರು ಹಾರ ತಂದಿದ್ದರು. ಗುರುವಿನ ಅಪ್ಪ ಪುಟ್ಟಬಸವಯ್ಯ ಒಂಬತ್ತು ವರ್ಷ ಅಲ್ಲಿ ನೋಡಿಕೊಂಡ ಪಾಚಿತೊಟ್ಟಿಯನ್ನು ಹೊಗಳಿದರು. ಫ್ಯಾಕ್ಟರಿಯ ನಿಕ್ಕಲ್ ಬೆರೆತ ನೀರು ಅದರೊಳಗೆ ಹೋಗುತ್ತಿತ್ತು, ತಿಳಿನೀರು ಹೊರಗೆ ಬರುತ್ತಿತ್ತು.

"ಕೈಗವುಸು ಕೊಟ್ಟಿದ್ರಾ ಸಾ?" ಎಂದ ಚಿಕ್ಕಸ್ವಾಮಿ.

ಮ್ಯಾನೇಜರು ವಾಚು ನೋಡಿಕೊಂಡರು.

ಚಲುವಮ್ಮ ಮಗನನ್ನು ಕರೆದಳು. "ನಿಮ್ಮಪ್ಪ ಬೆಳ್ದಿರೋ ದಂಟು ಕುಯ್ಕೊಂಡ್ ಬಾ. ಪಕ್ಕದ್ಮನೆ ಮರಿತಾಯಮ್ಮ ಅವಳ ಮನೇಲಿ ಬೇಯಿಸ್ತಾಳೆ. ಮಣ್ಣು ಮಾಡಿ ಬಂದೋರು ಅದನ್ನೇ ಉಣ್ಲಿ."

*

ಏಳು ವರ್ಷದ ಹಿಂದೆ, ಗುರು ಬಿಎಸ್ಸಿ ಮೊದಲ ವರ್ಷದಲ್ಲಿದ್ದಾಗ, ಅಪ್ಪ ತೊಟ್ಟಿಯಿಂದ ತೆಗೆದು ಒಣಗಿಸಿದ ಪಾಚಿಯನ್ನು ಬೊಗಸೆಯಲ್ಲಿ ತಂದಿದ್ದ.

"ಇದನ್ನ ಗುಂಡೀಲಿ ಊಳು ಅಂತಾರೆ ಸಾಯೇಬ್ರು. ಓದಿರೋನು ನೀನೇಳು, ಗೊಬ್ಬರ ಆಯ್ತದಾ?"

ಗುರು ಪುಸ್ತಕದಿಂದ ತಲೆ ಎತ್ತಿರಲಿಲ್ಲ. "ಪಾಚಿ ಒಳ್ಳೆ ಗೊಬ್ಬರ ಕಣಪ್ಪ."

ಮರುವರ್ಷ ಕಾಲೇಜಿನ ಲ್ಯಾಬಿನಲ್ಲಿ, ತಾಮ್ರ ಕರಗಿದ ನೀರಿಗೆ ಅವನೇ ಪಾಚಿ ಬಿಟ್ಟ. ಲೋಹ ಮೊದಲು ಜೀವಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ, ನಿಮಿಷಗಳಲ್ಲಿ. ಆಮೇಲೆ ಬದುಕಿರುವ ಪಾಚಿ ಅದನ್ನು ನಿಧಾನವಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ತಿಳಿಯಾಗುತ್ತದೆ, ಲೋಹ ಎಲ್ಲಿಗೂ ಹೋಗುವುದಿಲ್ಲ, ಪಾಚಿಯಲ್ಲೇ ಉಳಿಯುತ್ತದೆ. ಅಂದು ಸಂಜೆ ಅಪ್ಪ ಅವನ ಮುದ್ದೆಯ ಮೇಲೆ ದಂಟಿನ ಸಾರು ಎರಡು ಸಲ ಬಿಟ್ಟ. "ನೀನೇಳಿದ ಗೊಬ್ಬರ ಕಣ್ಲಾ, ನೋಡು, ಎಂಗೆ ಬಂದದೆ." ಗುರು ಉಂಡ.

*

ಹಿತ್ತಲಿಗೆ ಹೋದ ಗುರು ಕುಡುಗೋಲು ಎಸೆದ. ದಂಟನ್ನು ಬುಡಸಮೇತ ಕಿತ್ತ, ಒಂದು ಸಾಲು, ಇನ್ನೊಂದು ಸಾಲು. ಚಲುವಮ್ಮ ಓಡಿಬಂದು ಅವನ ಬೆನ್ನಿಗೆ ಗುದ್ದಿದಳು. ಅಪ್ಪನ ಗುರುತನ್ನೇ ಕೀಳುತ್ತಾನಲ್ಲ ಎಂದು ಅತ್ತಳು. ಜನ ಸೇರಿದರು. ದುಃಖಕ್ಕೆ ಹೀಗಾಡುತ್ತಾನೆ, ಬಿಡಿ ಎಂದರು ಮ್ಯಾನೇಜರು.

ಗುರು ಮಣ್ಣುಗೈಯಲ್ಲೇ ಅವರತ್ತ ತಿರುಗಿದ.

"ಅಪ್ಪ ಆ ಪಾಚೀನ ಚೀಲಗಟ್ಟಲೆ ಮನೆಗೆ ಒತ್ಕೊಂಡ್ ಬರ್ತಿದ್ದ. ಗೇಟಲ್ಲಿ ನೋಡ್ತಿದ್ರಿ. ಇದರಲ್ಲಿ ವಿಷ ಅದೆ, ಸೊಪ್ಪಿಗೆ ಆಕ್ಬೇಡ ಅಂತ ಒಂದು ಮಾತು ಏಳೋಕೆ ನಿಮ್ಗೇನಾಗಿತ್ತು?"

ಎಲ್ಲರೂ ಮ್ಯಾನೇಜರನ್ನು ನೋಡಿದರು. ಅವರು ತಂದಿದ್ದ ಹಾರವನ್ನು ಚಿಕ್ಕಸ್ವಾಮಿ ಹೆಣದ ಮೇಲಿಂದ ತೆಗೆದು ಅವರ ಕಾರಿನ ಮೇಲೆ ಎಸೆದ. ಚಲುವಮ್ಮ ಅಳು ನಿಲ್ಲಿಸಿ, ಮಗನ ಕೈಯ ಮಣ್ಣನ್ನು ಸೆರಗಿನಲ್ಲಿ ಒರೆಸತೊಡಗಿದಳು.

ತನಗೂ ಆರು ವರ್ಷದಿಂದ ಗೊತ್ತಿತ್ತು ಎಂದು ಗುರು ಹೇಳಲಿಲ್ಲ.