ಗೋಮಾಳದ ಗಾಳಿ

"ಯಾಕ್ಲಾ ಬೋಳಿಮಗನೆ, ಗುಂಡಿ ಒಳಗ್ ಏನ್ ನೋಡ್ತಿದ್ದೀಯ? ನಿಮ್ಮಪ್ಪ ಏನಾರ ಎದ್ ಬಂದವ್ನಾ?"

ಕಾಂತರಾಜು ಬೈಕಿನ ಮೇಲೆ ಕೂತೇ ಕೂಗಿದ. ಸಣ್ಣಬೀರಯ್ಯ ಹಾರೆ ಹಿಡಿದು ನಿಂತಿದ್ದ. ಗುಂಡಿಯ ತಳದಲ್ಲಿ ಕೆಮ್ಮಣ್ಣು ಮೆತ್ತಿದ ಒಂದು ಮೂಳೆ. ಕಾಲಿನದೋ ತೋಳಿನದೋ ತಿಳಿಯುವಂತಿರಲಿಲ್ಲ.

"ಮೂಳೆ ಬುದ್ದಿ. ಇದು ನಮ್ಮೋರ್ನ ಮಣ್ ಮಾಡೋ ಜಾಗ. ಗುಂಡೀನ ಒಂದ್ ಮಾರು ಆಚೀಕ್ ತಗೀಲಾ?"

"ಸಾಲು ಸೊಟ್ಟಾಯ್ತದೆ ಕಣ್ಲಾ. ಕಂಪನಿಯೋರು ಮ್ಯಾಗಿಂದ ಡ್ರೋನಲ್ಲಿ ಫೋಟೋ ಹಿಡೀತಾರೆ. ಮೂಳೆ ಗೊಬ್ಬರಾಯ್ತದೆ, ನೆಡು."

ಸಣ್ಣಬೀರಯ್ಯ ಹೆಂಡತಿಯ ಕಡೆ ನೋಡಿದ. ರಾಮಮ್ಮ ಸಸಿಯ ಪ್ಲಾಸ್ಟಿಕ್ ಹರಿದು ಗುಂಡಿಗೆ ಇಳಿಸಿದಳು. ಮಣ್ಣು ಎಳೆದು ಕಾಲಲ್ಲಿ ತುಳಿದಳು. ತುಳಿಯುವಾಗ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂಬುದು ಮುಂದಿನ ಗುಂಡಿಗೆ ಹೋದಮೇಲೆ ಹೊಳೆಯಿತು.

ಗುರುಪುರದ ಆಚೆ, ಹೊಗೆಸೊಪ್ಪಿನ ಹೊಲಗಳು ಮುಗಿಯುವಲ್ಲಿ ಆ ಗೋಮಾಳ. ಕೇರಿಯವರ ಆಡುಗಳು ಮೇಯುತ್ತಿದ್ದುದು ಅಲ್ಲೇ, ಕೇರಿಯ ಹೆಣಗಳು ಮಣ್ಣಾಗುತ್ತಿದ್ದುದೂ ಅಲ್ಲೇ. ಊರಿನ ಜಮೀನ್ದಾರ ಕಾಂತರಾಜು ಬೆಂಗಳೂರಿನ ಒಂದು ಕಂಪನಿಯಿಂದ ಅಲ್ಲಿ ಗಿಡ ನೆಡಿಸುವ ಗುತ್ತಿಗೆ ಹಿಡಿದಿದ್ದ. ಅಗೆಯಲು ಕೇರಿಯವರನ್ನೇ ಕರೆದ. ಬೇರೆ ಕೂಲಿ ಇರಲಿಲ್ಲ. ಎಲ್ಲರೂ ಹೋದರು.

ಒಂದು ದಿನ ಕಂಪನಿಯ ಪದ್ಮಶ್ರೀ ಕಾರಿನಲ್ಲಿ ಬಂದಳು. ನಗುಮುಖದ ಹುಡುಗಿ. ಬಿಸ್ಕತ್ತು ಹಂಚಿದಳು, ಹೆಂಗಸರ ಕೈಗೆ ಒಂದೊಂದು ಸಸಿ ಕೊಟ್ಟು ಫೋಟೋಕ್ಕೆ ನಿಲ್ಲಿಸಿದಳು.

"ಈ ಗಿಡ ಏನ್ ಬುಡ್ತದವ್ವ?" ರಾಮಮ್ಮ ಕೇಳಿದಳು.

"ಹಣ್ಣಿಗಲ್ಲಮ್ಮ. ಇವು ಕೆಟ್ಟ ಗಾಳಿ ಹೀರ್ಕೊಳ್ತವೆ. ಹೊರದೇಶದ ಫ್ಯಾಕ್ಟರಿಯವರು ಅಲ್ಲಿ ಹೊಗೆ ಬಿಡ್ತಾರಲ್ಲ, ಅದಕ್ಕೆ ಬದಲಾಗಿ ಇಲ್ಲಿ ಶುದ್ಧ ಆದ ಗಾಳಿಗೆ ನಮಗೆ ದುಡ್ಡು ಕೊಡ್ತಾರೆ."

"ಗಾಳೀನೂ ಮಾರ್ತಾರಾ?"

"ಹೂಂ ಮತ್ತೆ."

"ಯಾರ್ದವ್ವ ಆ ಗಾಳಿ?"

ಪದ್ಮಶ್ರೀ ಕಾಂತರಾಜುವಿನ ಮುಖ ನೋಡಿದಳು.

"ಬಾಯ್ ಮುಚ್ಕೊಂಡು ಹಲ್ ಬುಡಮ್ಮಿ," ಎಂದ ಕಾಂತರಾಜು. "ಫೋಟೋ ಹಿಡೀಬೇಕು."

ರಾಮಮ್ಮ ಹಲ್ಲು ಬಿಟ್ಟಳು.

ಗಿಡ ನೆಟ್ಟು ಮುಗಿದದ್ದೇ ಸುತ್ತ ತಂತಿ ಬೇಲಿ ಬಂತು. ರಾಮಮ್ಮನ ಆಡು ಒಂದು ದಿನ ಬೇಲಿ ನುಸುಳಿ ಚಿಗುರಿಗೆ ಬಾಯಿ ಹಾಕಿತು. ಕಾಂತರಾಜು ಅದನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿಸಿದ. ಬಿಡಿಸಿಕೊಳ್ಳಲು ಹೋದ ಸಣ್ಣಬೀರಯ್ಯನನ್ನು ಅಂಗಳದಲ್ಲಿ ನಿಲ್ಲಿಸಿ, "ಆಡ್ನಂಗೆ ಕೂಗ್ಲಾ, ನಿಂದೇನಾ ಅಂತ ಗುರ್ತು ಹಿಡೀಲಿ," ಎಂದ. ಆಳುಗಳು ನಗುತ್ತಿದ್ದರು. ಸಣ್ಣಬೀರಯ್ಯ ಕೂಗಿದ. ಇನ್ನೂ ಜೋರಾಗಿ ಅಂದರು. ಜೋರಾಗಿ ಕೂಗಿದ. ಆಡು ಸಿಕ್ಕಿತು. ಮನೆಗೆ ಬಂದು ಮುದ್ದೆ ಉಂಡು ಮಲಗಿದ. ಮುಂದಿನ ಸಂತೆಗೆ ಆಡುಗಳನ್ನೆಲ್ಲ ಹುಣಸೂರಿಗೆ ಹೊಡೆದುಕೊಂಡು ಹೋಗಿ ಮಾರಿಬಂದ.

ಆಷಾಢದ ಜಡಿಮಳೆಯಲ್ಲಿ ಅವನ ತಾಯಿ ದ್ಯಾವಮ್ಮ ಸತ್ತಳು. ಮಧ್ಯಾಹ್ನ ಚಟ್ಟ ಹೊತ್ತು ಗೋಮಾಳಕ್ಕೆ ಬಂದರೆ ಗೇಟಿಗೆ ಬೀಗ. ಕಾವಲಿಗಿದ್ದವನು ಕೇರಿಯವನೇ ಆದ ಮಂಚಯ್ಯ. ಕಂಪನಿ ಕೊಟ್ಟ ಖಾಕಿ ಅಂಗಿ, ಕೊರಳಲ್ಲಿ ಸೀಟಿ.

"ನನ್ ಕೈಲಿಲ್ಲ ಕಣಣ್ಣೋ," ಎಂದು ಅತ್ತ ತಿರುಗಿ ಫೋನು ಮಾಡಿದ.

ಕಾಂತರಾಜು ಕೊಡೆ ಹಿಡಿದು ಬಂದ. "ಕೆರೆ ಹಿಂದ್ಲುಗಡೆ ತಕಂಡೋಗಿ ಸುಟ್ಬುಡ್ರಿ."

"ನಾವು ಸುಡಕ್ಕಿಲ್ಲ ಬುದ್ದಿ, ಹೂಳೋರು. ನಮ್ಮಪ್ಪನ ಮಗ್ಗುಲಲ್ಲಿ ಒಂದಾಳ್ ಜಾಗ ಬುಟ್ಕೊಡಿ."

"ಒಂದೊಂದ್ ಗಿಡಾನೂ ಕಂಪ್ಯೂಟರ್‌ನಲ್ಲಿ ಅದೆ ಕಣ್ಲಾ. ನಿಮ್ಮವ್ವನ ಹೆಣ ಇಕ್ಕೋಕೆ ಕಿತ್ತೆ ಅಂತ ಕಂಪನಿಯೋರ್ಗೆ ಹೇಳ್ಲಾ?"

ಸಣ್ಣಬೀರಯ್ಯ ಕೆಸರಿನಲ್ಲಿ ಬಿದ್ದು ಅವನ ಕಾಲು ಹಿಡಿದ. ಹಿಂದೆ ನಿಂತವರು ತಲೆ ತಗ್ಗಿಸಿದರು.

ರಾಮಮ್ಮ ಅತ್ತೆಯ ಮುಖ ನೋಡಿದಳು. ಕಣ್ಣಿನ ಗುಳಿಯಲ್ಲಿ ಮಳೆನೀರು ನಿಂತಿತ್ತು. ಅಳು ಬರಲಿಲ್ಲ. ಪಕ್ಕದವನ ಕೈಯಿಂದ ಗುದ್ದಲಿ ತೆಗೆದುಕೊಂಡಳು, ಅದರ ಹಿಡಿಯಿಂದ ತಂತಿ ಎತ್ತಿ ಒಳಗೆ ನುಸುಳಿದಳು. ಮುಳ್ಳುತಂತಿಗೆ ಸೀರೆ ಸಿಕ್ಕಿ ಹರಿಯಿತು. ಓಡಲಿಲ್ಲ, ಕೂಗಲಿಲ್ಲ. ಮಾವನನ್ನು ಹೂಳಿದ್ದ ಕಡೆಗೆ ನಡೆದು ಒಂದು ಗಿಡ ಕಿತ್ತಳು, ಅದರ ಪಕ್ಕದ್ದನ್ನೂ ಕಿತ್ತಳು. ಹೆಣದ ಉದ್ದಕ್ಕೆ ಜಾಗವಾಯಿತು. ಅಗೆಯತೊಡಗಿದಳು.

ಮಂಚಯ್ಯ ಸೀಟಿ ಊದಿದ. ಅದು ಅರ್ಧಕ್ಕೇ ನಿಂತುಹೋಯಿತು.

"ಲೇ ಮುಂಡೆ, ಜೈಲಲ್ ಕೊಳೀತೀಯ ಕಣೇ!" ಕಾಂತರಾಜು ಕಾಲು ಕೊಡವಿಕೊಂಡು ಬೇಲಿಯ ಹತ್ತಿರ ಬಂದ. ಗೇಟಿನ ಬೀಗದ ಕೈ ಮನೆಯಲ್ಲಿತ್ತು, ಬೇಲಿ ನುಸುಳಲು ಬಿಳಿ ಪಂಚೆ ಬಿಡಲಿಲ್ಲ. ಪೊಲೀಸಿಗೆ ಫೋನು ಹಚ್ಚಿದ. "ಹೂಂ ಸಾರ್, ನಮ್ ಪ್ಲಾಂಟೇಷನ್ನೇ. ಹೆಸರು ಬರ್ಕೊಳ್ಳಿ. ಸಣ್ಣಬೀರಯ್ಯನ ಹೆಂಡ್ತಿ..."

"ರಾಮಮ್ಮ ಅನ್ನು."

ಅವಳು ತಲೆ ಎತ್ತಿರಲಿಲ್ಲ. ಕಾಂತರಾಜುವಿಗೆ ಕೇರಿಯ ಹೆಂಗಸೊಬ್ಬಳು ಏಕವಚನದಲ್ಲಿ ಹೇಳಿದ್ದನ್ನು ಅಲ್ಲಿದ್ದ ಯಾರೂ ಈವರೆಗೆ ಕೇಳಿರಲಿಲ್ಲ.

"ಅವ್ನ್ ಹೆಸ್ರು ಬ್ಯಾಡ. ಅವ್ನು ನಿನ್ ಕಾಲ್ ಹಿಡ್ದವ್ನೆ. ಅಗೀತಾ ಇರೋಳು ನಾನು."

ಗುಣಿ ಇನ್ನೂ ಮೊಣಕಾಲುದ್ದ ಆಗಿರಲಿಲ್ಲ. ಎದೆಯುದ್ದ ಬೇಕು. ಅಗೆದಷ್ಟೂ ನೀರು ತುಂಬುತ್ತಿತ್ತು. ಬೇಲಿಯಾಚೆ ಚಟ್ಟ ಹೊತ್ತವರು ಹೆಗಲು ಬದಲಿಸಿದರು. ಕೆಳಗೆ ಇಳಿಸಲಿಲ್ಲ.