ಕೂದಲು ಹೋದ ದಾರಿ

ಶೋಭಾರಾಣಿ ಮದುವೆಯಾಗಿ ಭಾಗ್ಯನಗರಕ್ಕೆ ಬಂದ ದಿನ ಗಂಡನ ಮನೆಯ ಪಡಸಾಲೆಯಲ್ಲಿ ಮೊದಲು ಕಂಡದ್ದು ಮೂರು ಚೀಲ ಕೂದಲು. ಅತ್ತೆ ಪಕ್ಕೀರವ್ವನದು ಮೂವತ್ತು ವರ್ಷಗಳಿಂದ ಅದೇ ಕೆಲಸ. ಊರೂರು ತಿರುಗುವವರು ಹೆಂಗಸರ ಬಾಚಣಿಕೆಗೆ ಸಿಕ್ಕ ಕೂದಲನ್ನು ಕೊಂಡು ತರುತ್ತಿದ್ದರು. ಆ ಉಂಡೆಗಳ ಸಿಕ್ಕನ್ನು ಸೂಜಿಯಿಂದ ಬಿಡಿಸಿ ಎಳೆ ಎಳೆ ಮಾಡಿ ಕೊಡಬೇಕು. ಹಾಗೆ ಬಿಡಿಸಿದ ಕೂದಲು ಕಲ್ಕತ್ತಕ್ಕೆ ಹೋಗುತ್ತದೆ, ಅಲ್ಲಿಂದ ಬರ್ಮಾ ದಾಟಿ ಚೀನಾಕ್ಕೆ ಹೋಗುತ್ತದೆ ಎಂದು ಕಾರ್ಖಾನೆಯವರು ಹೇಳುತ್ತಿದ್ದರು. ಪಕ್ಕೀರವ್ವನ ಒಬ್ಬನೇ ಮಗ ರವಿಕುಮಾರ ಹುಡುಗನಿದ್ದಾಗ ಆ ಚೀಲಗಳ ಮೇಲೆಯೇ ಮಲಗಿ ಬೆಳೆದವನು. ಸಾಲಿಯ ನಕಾಶೆಯಲ್ಲಿ ಕೊಪ್ಪಳದಿಂದ ಚೀನಾದವರೆಗೆ ಪೆನ್ಸಿಲಿನಿಂದ ಗೆರೆ ಎಳೆದು, "ಅವ್ವಾ, ನಿನ್ನ ಕೈಯಾಗಿನ ಕೂದಲ ನನಗಿಂತ ಮೊದಲ ದೇಶ ನೋಡ್ತಾವು" ಅನ್ನುತ್ತಿದ್ದನಂತೆ.

ಬೆಳೆದು ಅವನು ಯಲಬುರ್ಗಾದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರನಾದ. ನವಲಿಯಲ್ಲಿ ಭತ್ತ ಬೆಳೆಯುವವರ ಮಗಳಾದ ಶೋಭಾರಾಣಿ ಕುಷ್ಟಗಿಯ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ದಿನಾ ಎರಡು ದಿಕ್ಕಿನ ಬಸ್ಸು ಹಿಡಿದು ಹೋಗಿ ಸಂಜೆ ಒಂದೇ ಮನೆಗೆ ಬರುತ್ತಿದ್ದರು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಲಿಲ್ಲ. ಹುಬ್ಬಳ್ಳಿಗೆ ಎರಡು ಸಲ ಹೋಗಿ ದೊಡ್ಡ ಚಿಕಿತ್ಸೆ ಮಾಡಿಸಿದರು. ಎರಡನೆಯದೂ ಫಲಿಸದೆ ಹೊಳ್ಳಿ ಬರುವಾಗ, ಬಸ್ಸು ಗದಗ ದಾಟಿದ ಮೇಲೆ, ಅದುವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ ರವಿಕುಮಾರ ಅಂದ:

"ಶೋಭಾ, ಆಸ್ಪತ್ರಿ ತಿರುಗಿದ್ದು ಸಾಕು. ಇನ್ನ ಬ್ಯಾರೆ ಕಡಿ ತಿರುಗೂಣು."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಕೂದಲು ಹೋದ ದಾರಿ ಹಿಡಿದು ಚೀನಾದ ಕಡೆಗೆ ಹೋಗುವ ಪ್ರವಾಸ ಹುಟ್ಟಿದ್ದು ಹಾಗೆ.

ಗಂಗಾವತಿಯಲ್ಲಿ ಬೆನ್ನಿಗೆ ಹಾಕುವ ಎರಡು ದೊಡ್ಡ ಬ್ಯಾಗು ಕೊಂಡರು. ಭಾರ ಹೊತ್ತು ನಡೆದು ರೂಢಿಯಾಗಲೆಂದು ರವಿವಾರಗಳಲ್ಲಿ ಬ್ಯಾಗಿಗೆ ಜೋಳ ತುಂಬಿಕೊಂಡು ಕುಕನೂರಿನಿಂದ ಇಟಗಿಯ ಗುಡಿಯವರೆಗೆ ನಡೆದರು. ಹೊಲದಲ್ಲಿದ್ದವರು, "ಮಾಸ್ತರ, ಬಸ್ಸ ತಪ್ಪಿತೇನ್ರಿ?" ಎಂದು ಕೂಗಿ ನಗುತ್ತಿದ್ದರು. ಏಪ್ರಿಲ್‌ನಲ್ಲಿ ಸಾಲಿಗೆ ಸೂಟಿ ಬಿಟ್ಟ ಮೇಲೆ ಕೊಪ್ಪಳದಲ್ಲಿ ಕಲ್ಕತ್ತದ ಕಡೆಗೆ ಹೋಗುವ ರೈಲು ಹತ್ತಿದರು. ಪಕ್ಕೀರವ್ವ ದಾರಿಯ ಬುತ್ತಿಗೆಂದು ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು ಸ್ಟೇಶನ್ನಿಗೆ ಬಂದಿದ್ದಳು. ರೈಲು ಬಿಟ್ಟಾಗ ಮಗನ ಮುಖ ನೋಡದೆ ಸೊಸೆಗೆ, "ಹುಷಾರಿಲೆ ಕರಕೊಂಡ ಬಾ ಯವ್ವಾ. ಅಂವಗ ದಾರಿ ಕಂಡ್ರ ಮೈಮ್ಯಾಲ ಖಬರ ಇರಂಗಿಲ್ಲ" ಅಂದಳು.

ಸಿಲಿಗುರಿ, ಅಲ್ಲಿಂದ ಬಸ್ಸಿನಲ್ಲಿ ನೇಪಾಳ. ಬರ್ಮಾದ ಗಡಿ ಮುಚ್ಚಿತ್ತಾದ್ದರಿಂದ ಅದೊಂದನ್ನು ಮಾತ್ರ ವಿಮಾನದಲ್ಲಿ ದಾಟಿ ಥಾಯ್ಲೆಂಡಿನಲ್ಲಿ ಇಳಿದು, ಮತ್ತೆ ರೈಲು, ಬಸ್ಸು, ದೋಣಿ ಎಂದು ಲಾವೋಸಿಗೆ ಬಂದರು. ಆ ಒಂದೂವರೆ ತಿಂಗಳು ಯಾರೂ ಅವಳನ್ನು ಮಕ್ಕಳೆಷ್ಟು ಎಂದು ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಭಾಷೆ ತಿಳಿಯುತ್ತಿರಲಿಲ್ಲ. ಅಂಟಂಟು ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ ತಿನ್ನುತ್ತ, ಒದ್ದೆ ಬಟ್ಟೆಯನ್ನು ಬ್ಯಾಗಿನ ಮೇಲೇ ಒಣಹಾಕಿಕೊಂಡು ನಡೆಯುತ್ತ, ಅವಳು ತಾನು ಇಷ್ಟು ನಗಬಲ್ಲೆನೆಂದು ಮೊದಲ ಸಲ ಕಂಡುಕೊಂಡಳು. ರವಿಕುಮಾರ ಸಿಕ್ಕಲ್ಲೆಲ್ಲ ಕೂತು ಚಿತ್ರ ಬರೆಯುತ್ತಿದ್ದ.

ಮೇ ಕಡೆಯ ವಾರ ಉತ್ತರದ ಗುಡ್ಡಗಾಡಿನ ಒಂದು ಸಣ್ಣ ಪೇಟೆಯಲ್ಲಿ ಮಳೆ ಹಿಡಿಯಿತು. ಎರಡು ದಿನವಾದರೂ ಬಿಡಲಿಲ್ಲ. ಮೂರನೆಯ ದಿನ ಮುಂಜಾನೆ ಬಸ್‌ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತು ಶೋಭಾರಾಣಿ ಅಂದಳು:

"ಇವತ್ತ ಹೊಳ್ಳದಿದ್ರ ಒಂದನೇ ತಾರೀಖಿಗಿ ನಾ ಡ್ಯೂಟಿಗಿ ಮುಟ್ಟಂಗಿಲ್ಲರಿ. ನಿಮ್ಮ ಸಾಲೀನೂ ಸುರು ಆಗತೈತಿ."

"ಚೀನಾದ ಗಡಿ ಇಲ್ಲಿಂದ ಮೂರ ತಾಸಿನ ದಾರಿ ಐತಿ. ವೀಸಾ ಇಲ್ಲಂದ್ರೂ ಗೇಟರ ನೋಡ್ಕೊಂಡ ಬರೂಣು."

"ಗೇಟ ನೋಡಿ ಏನ ಮಾಡ್ತೀರಿ? ಮಳಿ ಹೆಂಗ ಹೊಡ್ಯಾಕತ್ತೈತಿ ನೋಡ್ರಿ. ಊರಿಗಿ ಹೋಗೂಣು ನಡೀರಿ."

ಅವನು ಮಳೆಯನ್ನೇ ನೋಡುತ್ತ, ದನಿ ಏರಿಸದೆ, ತನಗೆ ತಾನೇ ಹೇಳಿಕೊಂಡಂತೆ ಅಂದ: "ಊರಾಗ ನಮಗ ಯಾರ ಕಾಯಾಕತ್ತಾರ, ಶೋಭಾ?"

ಅವನು ಏನೆಂದುಕೊಂಡು ಅಂದನೋ. ಅವಳಿಗೆ ಕೇಳಿಸಿದ್ದು ಒಂದೇ ಅರ್ಥ: ಮಕ್ಕಳಿಲ್ಲದ ಮನೆ. ಒಂಬತ್ತು ವರ್ಷ ಯಾರು ಏನೆಂದರೂ ಅವನ ಬಾಯಿಂದ ಬರದಿದ್ದ ಮಾತು ಅದು. ಅವಳು ಜಗಳವಾಡಲಿಲ್ಲ. ತನ್ನ ಬ್ಯಾಗಿನಿಂದ ಅವನ ರೇನ್‌ಕೋಟು, ಬಿಪಿಯ ಗುಳಿಗೆ ತೆಗೆದು ಅವನ ಕೈಯಲ್ಲಿಟ್ಟು, "ಹಂಗಾರ ನೀವ ಹೋಗಿ ಬರ್ರಿ" ಎಂದು ದಕ್ಷಿಣಕ್ಕೆ ಹೋಗುವ ಬಸ್ಸು ಹತ್ತಿಬಿಟ್ಟಳು. ಅವನು ಕಿಟಕಿಯ ಬಳಿ ಬಂದು, "ಏ ಶೋಭಾ, ನಾಳೆ ಸಂಜಿಗಿ ಬಂದ ಮುಟ್ತೀನಿ" ಅಂದ. ಅವಳು ತಿರುಗಿ ನೋಡಲಿಲ್ಲ.

ಹಿಂದಿನ ವಾರ ಇಬ್ಬರೂ ಉಳಿದಿದ್ದ ಊರಿನಲ್ಲಿ ಇಳಿದು ಅವಳು ಕಾದಳು. ಮಾರನೆಯ ಸಂಜೆ ಅವನು ಬರಲಿಲ್ಲ. ಫೋನು ಹತ್ತಲಿಲ್ಲ. ಮೂರನೆಯ ದಿನ ಅವಳು ಇಳಿದುಕೊಂಡಿದ್ದ ಮನೆಯ ಹೆಂಗಸು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಗುಡ್ಡದ ಒಂದು ಮಗ್ಗುಲು ಕುಸಿದು ಗಡಿಗೆ ಹೋಗುವ ರಸ್ತೆ ಇದ್ದ ಕಡೆ ಬರೀ ಕೆಂಪು ಮಣ್ಣು. ಕೆಳಗೆ ತುಂಬಿದ ಹೊಳೆ. ಅವನು ಹೊರಟ ದಿನವೇ ಗಡಿಯ ಕಡೆ ಹೊರಟಿದ್ದ ಒಂದು ವ್ಯಾನು ಹನ್ನೊಂದು ಮಂದಿಯನ್ನು ಹೊತ್ತು ಕೊಚ್ಚಿಕೊಂಡು ಹೋಗಿತ್ತು. ಶೋಭಾರಾಣಿ ಅಲ್ಲಿಗೆ ಹೋಗಿ ಹನ್ನೆರಡು ದಿನ ದಂಡೆಯಲ್ಲಿ ನಿಂತಳು. ಏಳು ಹೆಣ ಸಿಕ್ಕವು. ಒಂದೂ ಅವನದಲ್ಲ. ಕಡೆಗೆ ಅಲ್ಲಿಯ ಅಧಿಕಾರಿಯೊಬ್ಬ ಫೋನಿನಲ್ಲಿ ಅನುವಾದ ಮಾಡಿಸಿ ಅವಳ ಕಿವಿಗೆ ಹಿಡಿದ. ಯಂತ್ರದ ಹೆಂಗಸಿನ ದನಿ ಹಿಂದಿಯಲ್ಲಿ ಹೇಳಿತು: ಹೊಳೆ ದೊಡ್ಡದು, ನೀವು ಮನೆಗೆ ಹೋಗಿ.

ಭಾಗ್ಯನಗರದ ಮನೆಯ ಮುಂದೆ ಜನ ನೆರೆದಿತ್ತು. ಪಕ್ಕೀರವ್ವ ಅಳಲಿಲ್ಲ. ಸೊಸೆಯ ಬೆನ್ನಿನಿಂದ ತಾನೇ ಬ್ಯಾಗು ಇಳಿಸಿ, ನೀರು ಕೊಟ್ಟು, ಎದುರಿಗೆ ಕೂತು ಕೇಳಿದಳು: "ಹೋಗ ಮುಂದ ಏನಂದ?"

ಕಾದು ಕೂತ ತಾಯಿಯ ಎದುರು ಶೋಭಾರಾಣಿಯ ಬಾಯಿಂದ ಆ ಮಾತು ಹೊರಡಲಿಲ್ಲ. "ಅವ್ವಗ ಹೇಳು, ಲಗೂನ ಬರ್ತೀನಿ ಅಂದ್ರತ್ತಿ" ಅಂದಳು. ತಾನು ಜ್ವರ ಬಂದು ಹಿಂದೆ ಉಳಿದೆ ಎಂದು ಅದಕ್ಕೆ ಇನ್ನೊಂದು ಸುಳ್ಳು ಜೋಡಿಸಿದಳು.

ಪಕ್ಕೀರವ್ವನಿಗೆ ಅಷ್ಟು ಸಾಕಾಯಿತು. ಬರ್ತೀನಿ ಅಂದವನು ಬರುತ್ತಾನೆ. ಸೊಸೆ ಕೈಬಳೆ ತೆಗೆಯಲು ಹೋದರೆ ಬೈದಳು; ತಾನೇ ಹಸಿರು ಬಳೆ ತಂದು ತೊಡಿಸಿದಳು. ಜೊತೆಗೆ ಕೂದಲು ಬಿಡಿಸುವ ನೆರೆಮನೆಯ ಲಾಲಬೀ, ಕಲ್ಕತ್ತದಿಂದ ಬಂದ ವ್ಯಾಪಾರಿಯೊಬ್ಬ ಬರ್ಮಾದ ಪೇಟೆಯಲ್ಲಿ ಕನ್ನಡ ಮಾತಾಡುವ ಗಡ್ಡದವನನ್ನು ಕಂಡನಂತೆ ಎಂದು ಸುದ್ದಿ ತಂದಳು. ಅಂದು ಮನೆಯಲ್ಲಿ ಹೋಳಿಗೆಯಾಯಿತು. ಶೋಭಾರಾಣಿ ತಿಂದಳು. ಸೀಮಂತಕ್ಕೋ ನಾಮಕರಣಕ್ಕೋ ಹೋದರೆ ಕುಂಕುಮದ ತಾಟು ಹಿಡಿದವರು ಅವಳ ಮುಂದೆ ಒಂದು ಗಳಿಗೆ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಮೇಲೆ ಅವಳೇ ಹೋಗುವುದನ್ನು ಬಿಟ್ಟಳು. ನವಲಿಯಿಂದ ತಾಯಿ ಅಮರಮ್ಮ ಕರೆದೊಯ್ಯಲು ಬಂದರೆ, "ಅತ್ತಿಯವರಿಗಿ ನಾ ಒಬ್ಬಾಕಿನ ಅದೀನವ್ವ" ಎಂದು ಕಳಿಸಿದಳು. ಕಚೇರಿಯಲ್ಲಿ ಹೆಣ ಸಿಗದೆ ಮರಣದ ದಾಖಲೆ ಇಲ್ಲ, ಏಳು ವರ್ಷ ಕಾಯಬೇಕು ಅಂದರು. ಕಾನೂನೇ ಹಾಗಿತ್ತು, ಹೇಳಿದ ಗುಮಾಸ್ತನ ತಪ್ಪೇನಿರಲಿಲ್ಲ.

ಎರಡನೆಯ ವರ್ಷದ ಶ್ರಾವಣದಲ್ಲಿ ದ್ಯಾಮಣ್ಣನೆಂಬ ಪೊಲೀಸು ಹವಾಲ್ದಾರ ಒಂದು ಕಾಗದ ಹಿಡಿದು ಬಂದ. ಆ ಹೊಳೆಯ ಕೆಳಗಣ ದಂಡೆಯಲ್ಲಿ ಬಹಳ ದೂರಕ್ಕೆ ಒಂದು ಹೆಣ ಸಿಕ್ಕು, ಗುರುತು ಹತ್ತದೆ ಅಲ್ಲಿಯವರು ಹೂಳಿದ್ದರು. ಜೊತೆಗಿದ್ದ ಚಿತ್ರದಲ್ಲಿ ನೀಲಿ ಚೌಕಳಿಯ ಬಟ್ಟೆಯ ತುಂಡು ಮಾತ್ರ. ರವಿಕುಮಾರನಿಗೂ ಅಂಥ ಒಂದು ಅಂಗಿ ಇತ್ತು, ಆದರೆ ಕುಷ್ಟಗಿಯ ಸಂತೆಯಲ್ಲಿ ಅಂಥವು ಎಷ್ಟು ಬೇಕಾದರೂ ಸಿಗುತ್ತವೆ. ಆದರೂ ಶೋಭಾರಾಣಿಗೆ ಅದು ಅವನದೇ ಆಗಿರಲಿ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಕೆಯಾಯಿತು.

"ರಕ್ತ ಕೊಟ್ಟು ತಾಳೆ ನೋಡಬೇಕ್ರಿ," ಅಂದ ದ್ಯಾಮಣ್ಣ. "ಹೇಣ್ತಿದು ನಡ್ಯಂಗಿಲ್ಲ. ಮಕ್ಕಳದು ನಡೀತೈತಿ. ಮಕ್ಕಳು..." ಎಂದು ಮನೆಯೊಳಗೆ ಕಣ್ಣಾಡಿಸಿ, ತಿಳಿದು, "ಹಂಗಾರ ತಾಯಿದ ಆಗಬೇಕ್ರಿ" ಅಂದ.

ಪಕ್ಕೀರವ್ವ ಎದ್ದು ಒಳಗೆ ಹೋಗಿ ಕದ ಹಾಕಿಕೊಂಡಳು. "ಜೀವಂತ ಇದ್ದ ಮಗನ ಹೆಣ ಹುಡುಕಾಕ ನಾ ರಕ್ತ ಕೊಡ್ಲೇನು? ಕೊಟ್ರ ಸಾಯ್ತಾನ ಅಂವ!" ಎಂದು ಒಳಗಿಂದಲೇ ಕೂಗಿದಳು.

ಎರಡು ತಿಂಗಳು ಶೋಭಾರಾಣಿ ಬೇಡಿದಳು. ಲಾಲಬೀಯಿಂದ ಹೇಳಿಸಿದಳು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಪಕ್ಕೀರವ್ವ ಸೂಜಿ ಹಿಡಿದು ಕೂತಿದ್ದಾಗ ಮತ್ತೆ ಅದೇ ಮಾತು ಬಂತು.

"ಬರ್ತೀನಿ ಅಂದಾನ. ನೀನ ಹೇಳಿದಿ," ಅಂದಳು ಪಕ್ಕೀರವ್ವ.

"ಅವರು ಹಂಗ ಅಂದಿಲ್ಲತ್ತಿ."

"ಏನು?"

ಶೋಭಾರಾಣಿ ಹೇಳಿಬಿಟ್ಟಳು. ಮಳೆ, ತಗಡು, ತಾನೊಬ್ಬಳೇ ಹತ್ತಿದ ಬಸ್ಸು, ತಾನು ತಿರುಗಿ ನೋಡದ್ದು. ಜ್ವರ ಬಂದಿರಲಿಲ್ಲ ಎಂಬುದು. ಅವನು ಅಂದ ಮಾತನ್ನು ಅಂದ ಹಾಗೆಯೇ ಹೇಳಿದಳು.

"ಊರಾಗ ಯಾರ ಕಾಯಾಕತ್ತಾರ ಅಂದನ?" ಎಂದು ಪಕ್ಕೀರವ್ವ ಕೇಳಿದಳು. ಆಮೇಲೆ ಸೂಜಿ ಕೆಳಗಿಟ್ಟು, ಅಂಗಡಿಯ ಲೆಕ್ಕದಲ್ಲಿ ಬಿಟ್ಟುಹೋದ ಸಾಮಾನು ನೆನಪಿಸುವವಳಂತೆ ಮೆಲ್ಲಗೆ, "ನಾ ಇದ್ನಲ್ಲ" ಅಂದಳು.

ಮರುದಿನ ಮುಂಜಾನೆ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಡಿ. ಎಲ್ಲಿ ಕೊಡಬೇಕು ರಕ್ತ?"

ಕೊಪ್ಪಳದ ಆಸ್ಪತ್ರೆಯಲ್ಲಿ ದ್ಯಾಮಣ್ಣನ ಎದುರಿಗೆ ರಕ್ತ ತೆಗೆಯಲು ಒಬ್ಬರು ಬಂದರೆ ಪಕ್ಕೀರವ್ವ ಕೈ ಹಿಂದೆಳೆದುಕೊಂಡಳು. "ಬ್ಯಾರೆಯವರು ಮುಟ್ಟೂದು ಬ್ಯಾಡ. ಈಕಿನ ತಗೀಲಿ." ಡಾಕ್ಟರು ಆಗಲಿ ಎಂದು ತಲೆ ಆಡಿಸಿದರು. ಹದಿನಾಲ್ಕು ವರ್ಷದ ನರ್ಸು ಕೆಲಸದಲ್ಲಿ ಕೂಸುಗಳ ನರವನ್ನೂ ಒಂದೇ ಸಲಕ್ಕೆ ಹಿಡಿದವಳು ಶೋಭಾರಾಣಿ. ಅಂದು ಎರಡು ಸಲ ತಪ್ಪಿದಳು. ಮುದುಕಿ ಕೈ ಚಾಚಿಯೇ ಇಟ್ಟಿದ್ದಳು. ಮೂರನೆಯ ಸಲ ರಕ್ತ ಬಂದಾಗ ಅದು ಕೊಳವೆಯಲ್ಲಿ ಏರುವುದನ್ನೇ ನೋಡುತ್ತ ಕೂತಳು.

ಉತ್ತರ ಬರಲು ಐದು ತಿಂಗಳಾಯಿತು. ತಾಳೆಯಾಗಲಿಲ್ಲ. ಆ ಹೆಣ ಬೇರೆ ಯಾರದೋ.

ದ್ಯಾಮಣ್ಣ ಅದನ್ನು ಶುಭ ಸುದ್ದಿಯಂತೆ ತಂದಿದ್ದ. ಲಾಲಬೀ ಓಡಿ ಬಂದು, "ನೋಡ ಪಕ್ಕೀರವ್ವಾ, ಅಲ್ಲಾ ದೊಡ್ಡಾಂವ. ನಿನ್ನ ಮಗ ಜೀವಂತ ಅದಾನ!" ಎಂದು ಅವಳ ಕೈ ಹಿಡಿದಳು.

ಪಕ್ಕೀರವ್ವ ಕೈ ಬಿಡಿಸಿಕೊಂಡಳು. "ಜೀವಂತ ಅದಾನಂದ್ರ, ಬರಬಾರ್ದಂತ ಅದಾನ. ಕಾಯೋರು ಯಾರೂ ಇಲ್ಲ ಅಂತ ತಿಳಕೊಂಡಾನ."

ಶೋಭಾರಾಣಿ ಅತ್ತೆಯ ಮುಂದೆ ಮೊಣಕಾಲೂರಿ ಕೂತು, "ಇಲ್ಲತ್ತಿ. ಅವರು ಬಿಟ್ಟ ಹೋಗಿಲ್ಲ. ಸತ್ತಾರ. ಆ ಗುಡ್ಡಾ ನಾ ಕಣ್ಣಾರೆ ನೋಡೀನಿ, ಆ ಹೊಳಿ ನೋಡೀನಿ. ಯಾರೂ ಉಳಿಯಂಗಿಲ್ಲತ್ತಿ ಅದರಾಗ. ನಾಳೆ ಸಂಜಿಗಿ ಬರ್ತೀನಿ ಅಂತ ನನಗ ಹೇಳಿದ್ರು" ಅಂದಳು. ಹೇಳುತ್ತ ಹೇಳುತ್ತ ಈ ಕಡೆಯ ಮಾತು ನಿಜವಾದರೂ ಸುಳ್ಳಿನಂತೆ ಕೇಳಿಸುತ್ತಿದೆ ಎಂದು ಅವಳಿಗೇ ಗೊತ್ತಾಯಿತು.

"ಮೊದಲ ಒಂದ ಹೇಳಿದಿ. ಆಮ್ಯಾಲ ಒಂದ ಹೇಳಿದಿ. ಈಗ ಮತ್ತೊಂದ ಹೇಳ್ತಿ," ಅಂದಳು ಪಕ್ಕೀರವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾವುದ ನಂಬ್ಲಿ, ಶೋಭಾ?"

ಮಗ ಬರುತ್ತಾನೆಂದು ಕಾಯುವ ತಾಯಿಯನ್ನು ಶೋಭಾರಾಣಿ ಎರಡು ವರ್ಷ ನೋಡಿದ್ದಳು, ಅದು ಕಷ್ಟವೆಂದುಕೊಂಡಿದ್ದಳು. ಮಗ ಬೇಕೆಂದೇ ಬರುತ್ತಿಲ್ಲ ಎಂದು ಕೂತ ತಾಯಿ ಹೇಗಿರುತ್ತಾಳೆಂದು ಈಗ ಕಂಡಳು. ಪಕ್ಕೀರವ್ವ ಕಲ್ಕತ್ತದ ವ್ಯಾಪಾರಿಗಳನ್ನು ವಿಚಾರಿಸುವುದನ್ನು ನಿಲ್ಲಿಸಿದಳು. ಬೀದಿಯಲ್ಲಿ ಯಾರಾದರೂ ರವಿಯ ಮಾತೆತ್ತಿದರೆ, "ಅಂವ ಅಲ್ಲೇ ಆರಾಮ ಅದಾನಂತ" ಎಂದು ಮುಂದೆ ಹೋಗುತ್ತಿದ್ದಳು. ಕೆಲಸ ಮಾತ್ರ ಬಿಡಲಿಲ್ಲ. ಮೊದಲಿಗಿಂತ ಹೆಚ್ಚು ಚೀಲ ತರಿಸಿಕೊಂಡಳು.

ಶೋಭಾರಾಣಿ ಕುಷ್ಟಗಿಯಲ್ಲೇ ಒಂದು ಕೋಣೆ ಹಿಡಿದಳು. ಹೋಗು ಎಂದು ಅತ್ತೆ ಹೇಳಿರಲಿಲ್ಲ. ಇರು ಎಂದೂ ಅನ್ನಲಿಲ್ಲ. ರವಿವಾರ ಅವಳು ಭಾಗ್ಯನಗರಕ್ಕೆ ಬರುತ್ತಾಳೆ. ಅತ್ತೆಯ ಬಿಪಿ ನೋಡಿ, ವಾರದ ಗುಳಿಗೆ ಎಣಿಸಿ ಡಬ್ಬಿಯಲ್ಲಿಟ್ಟು, ರೊಟ್ಟಿ ಬಡಿಯುತ್ತಾಳೆ. ಇಬ್ಬರೂ ಉಣ್ಣುತ್ತಾರೆ. ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂಬಷ್ಟು ಮಾತೂ ಇಲ್ಲ. ಕೆಲವು ಸಲ ಅವಳು ಕೂದಲಿನ ಒಂದು ಉಂಡೆ ತೆಗೆದುಕೊಂಡು ಬಿಡಿಸಲು ಕೂರುತ್ತಾಳೆ. ಪಕ್ಕೀರವ್ವ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದು ತನ್ನ ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಬಸ್ಸಿನ ಹೊತ್ತಾದಾಗ ಶೋಭಾರಾಣಿ ಚಪ್ಪಲಿ ಮೆಟ್ಟಿಕೊಂಡು, "ಬರ್ತೀನತ್ತಿ" ಅನ್ನುತ್ತಾಳೆ. ಮಗನದೆಂದು ಒಮ್ಮೆ ನಂಬಿದ ಅದೇ ಮಾತಿಗೆ ಪಕ್ಕೀರವ್ವ ಮುಂದಿನ ಉಂಡೆ ಎತ್ತಿಕೊಂಡು ಸೂಜಿ ಹಾಕುತ್ತಾಳೆ.